ಅಪ್ಪಯ್ಯನ ಅಂಗಾಲು ಮತ್ತು 26 ಮೂಳೆಗಳ ಲೆಕ್ಕ

ಗೋರೆಗಾಂವ್ ಪೂರ್ವದ ನಮ್ಮ ಮನೆಯಲ್ಲಿ ಎಕ್ಸ್‌ರೇ ನೋಡಲು ಒಳ್ಳೆಯ ಜಾಗ ಅಡುಗೆಮನೆಯ ಕಿಟಕಿ. ಬೆಳಗ್ಗೆ ಎಂಟರ ಹೊತ್ತಿಗೆ ಬಿಸಿಲು ಅಲ್ಲಿ ನೇರವಾಗಿ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ಅಪ್ಪಯ್ಯ ತನ್ನ ಬಲಪಾದದ ಫಿಲ್ಮನ್ನು ಆ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿಮೂರು ವರ್ಷದ ಹುಡುಗನಾಗಿ ಮುಂಬೈಗೆ ಬಂದು, ಹೋಟೆಲಿನ ಮೋರಿಯಲ್ಲಿ ಪಾತ್ರೆ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಕೊನೆಗೆ ಗಲ್ಲೆಯ ಮೇಲೆ ಕೂತು, ಒಟ್ಟು ನಲವತ್ತೈದು ವರ್ಷ ಕಾಲ ಮೇಲೆಯೇ ದುಡಿದವರು ಅವರು. ತನ್ನ ಪಾದದ ಒಳಗನ್ನು ಅವರು ಕಂಡದ್ದು ಅದೇ ಮೊದಲು.

ಆದದ್ದು ಇಷ್ಟು. ಎಪ್ಪತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಗೊತ್ತಾಯಿತು. ನಡೆಯಿರಿ ಎಂದರು ಡಾಕ್ಟರು. ಅಪ್ಪಯ್ಯ ಮರುದಿನದಿಂದಲೇ ಆರೇ ಕಾಲನಿಯ ರಸ್ತೆಯಲ್ಲಿ ದಿನಕ್ಕೆ ಆರು ಕಿಲೋಮೀಟರ್ ನಡೆಯತೊಡಗಿದರು. ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವ ಜಾಯಮಾನ ಅವರದಲ್ಲ. ಮೂರನೆಯ ವಾರಕ್ಕೆ ಮುಂಗಾಲು ಊದಿಕೊಂಡಿತು. ಎಕ್ಸ್‌ರೇ ತೆಗೆಸಿದೆವು. ಫಿಲ್ಮ್ ನೋಡಿದವರು 'ಏನೂ ಇಲ್ಲ, ವಯಸ್ಸಾಯಿತಲ್ಲ' ಎಂದು ಮುಲಾಮು ಬರೆದುಕೊಟ್ಟರು. ಮನೆಗೆ ಬಂದು ಕಿಟಕಿಯ ಹತ್ತಿರ ನಿಂತ ಅಪ್ಪಯ್ಯ ನನ್ನ ಕಡೆ ತಿರುಗಿ ಕೇಳಿದರು: "ಫಿಲ್ಮಂಗೆ ಕಾಂತಿಲ್ಲೆ ಅಂದ್ರೆ ನೋವೇ ಇಲ್ಯಾ ಹಂಗಾರೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವಾರದ ಬಳಿಕ ಬೇರೆ ಕಡೆ ಇನ್ನೊಂದು ಎಕ್ಸ್‌ರೇ ಆಯಿತು. ಈ ಸಲ ಎರಡನೆಯ ಬೆರಳಿನ ಹಿಂದಿನ ಉದ್ದ ಮೂಳೆಯ ಸುತ್ತ ಬಿಳಿಯ ಮೋಡದಂಥ ಒಂದು ಗಂಟು ಕಾಣಿಸಿತು. ಮೂಳೆ ಬಿರುಕು ಬಿಟ್ಟಿತ್ತು, ತನ್ನಷ್ಟಕ್ಕೇ ಕೂಡಿಕೊಳ್ಳತೊಡಗಿತ್ತು. ಮೊದಲ ಫಿಲ್ಮ್ ತೆಗೆದ ದಿನವೂ ಆ ಬಿರುಕು ಅಲ್ಲೇ ಇತ್ತು. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಲಿಲ್ಲ, ಅಷ್ಟೆ.

ಅಲ್ಲಿಂದ ನಾನು ಪಾದದ ಮೂಳೆಗಳ ಚರಿತ್ರೆಯನ್ನು ಓದತೊಡಗಿದೆ. ಓದುತ್ತಾ ಹೋದಂತೆ ಅಪ್ಪಯ್ಯನ ಪ್ರಶ್ನೆ ಹೊಸದಲ್ಲ ಎನ್ನುವುದು ತಿಳಿಯಿತು. ಅದೇ ಪ್ರಶ್ನೆಯನ್ನು ನೂರೆಪ್ಪತ್ತು ವರ್ಷಗಳ ಹಿಂದೆ ಜರ್ಮನಿಯ ಸಿಪಾಯಿಗಳೂ ಕೇಳಿರಬೇಕು.

ಸಿಪಾಯಿಗಳ ಊದಿದ ಪಾದ

1855ರಲ್ಲಿ ಪ್ರಶ್ಯದ ಸೇನಾವೈದ್ಯ ಬ್ರೈಟ್‌ಹಾಪ್ಟ್ ಒಂದು ವಿಚಿತ್ರ ಕಾಯಿಲೆಯನ್ನು ದಾಖಲಿಸಿದ. ಹೊಸದಾಗಿ ಸೇರಿದ ಸಿಪಾಯಿಗಳು ದೂರದ ಕವಾಯತು ಮುಗಿಸಿ ಬಂದ ಮೇಲೆ ಅವರ ಪಾದ ಊದುತ್ತಿತ್ತು, ಹೆಜ್ಜೆ ಊರಲು ಆಗುತ್ತಿರಲಿಲ್ಲ. ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ. ಸ್ನಾಯುರಜ್ಜುಗಳ ಸುತ್ತ ಉರಿಯೂತ ಆಗಿರಬೇಕು ಎಂದು ಅವನು ಊಹಿಸಿದ. ಮುಂದಿನ ನಲವತ್ತು ವರ್ಷ ಎಲ್ಲರ ಊಹೆಯೂ ಸುಮಾರಾಗಿ ಹೀಗೇ ಇತ್ತು. ಕೆಲಸ ತಪ್ಪಿಸಿಕೊಳ್ಳಲು ಕುಂಟುತ್ತಿದ್ದಾರೆ ಎಂಬ ಅನುಮಾನ ಯಾವ ಸೈನ್ಯದಲ್ಲಿ ತಾನೇ ಇರುವುದಿಲ್ಲ?

1895ರ ನವೆಂಬರಿನಲ್ಲಿ ರೋಂಟ್‌ಗೆನ್ ಎಕ್ಸ್ ಕಿರಣವನ್ನು ಕಂಡುಕೊಂಡ. ಜೀವಂತ ಮನುಷ್ಯನ ಮೂಳೆಯನ್ನು ಚರ್ಮ ಕೊಯ್ಯದೆ ನೋಡುವುದು ಚರಿತ್ರೆಯಲ್ಲೇ ಮೊದಲ ಸಲ ಸಾಧ್ಯವಾಯಿತು. ಎರಡೇ ವರ್ಷದಲ್ಲಿ, 1897ರಲ್ಲಿ, ಸ್ಟೆಕೋವ್ ಎಂಬ ಸೇನಾವೈದ್ಯ ಆ ಊದಿದ ಪಾದಗಳ ಚಿತ್ರ ತೆಗೆದ. ಮೂಳೆಗಳು ಮುರಿದಿದ್ದವು. ಅಂದಿನಿಂದ ಅದಕ್ಕೆ 'ಮಾರ್ಚ್ ಫ್ರಾಕ್ಚರ್' ಎಂಬ ಹೆಸರು. ಇದು ಮಾರ್ಚ್ ತಿಂಗಳಲ್ಲ, ಸಿಪಾಯಿಗಳ ನಡಿಗೆ. ಒಂದೇ ಏಟಿಗೆ ಮುರಿಯುವ ಮೂಳೆಯಲ್ಲ ಇದು. ಸಾವಿರಾರು ಹೆಜ್ಜೆಗಳ ಸಣ್ಣ ಸಣ್ಣ ಭಾರಕ್ಕೆ ದಣಿದು ಬಿರುಕು ಬಿಡುವ ಮೂಳೆ.

ಮೂಳೆ ಕಲ್ಲಲ್ಲ. ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರೊಳಗೆ ಸದಾ ಕೆಲಸದಲ್ಲಿರುತ್ತವೆ. ಭಾರ ಒಮ್ಮೆಲೇ ಹೆಚ್ಚಿದರೆ ಕೆರೆಯುವ ಕೆಲಸ ಮುಂದೆ ಓಡುತ್ತದೆ, ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಆ ನಡುವಿನ ವಾರಗಳಲ್ಲಿ ಮೂಳೆ ದುರ್ಬಲ. ಬಿರುಕು ಬಿಟ್ಟಾಗ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದು ಸಾಮಾನ್ಯ. ಸುತ್ತ ಹೊಸ ಮೂಳೆ ಕಟ್ಟತೊಡಗಿದ ಮೇಲೆ ಮಾತ್ರ ಬಿಳಿಯ ಗಂಟು ಮೂಡುತ್ತದೆ. ಅಂದರೆ ಫಿಲ್ಮ್ ತೋರಿಸುವುದು ಗಾಯವನ್ನಲ್ಲ, ಗಾಯಕ್ಕೆ ದೇಹ ಹಾಕಿಕೊಂಡ ತೇಪೆಯನ್ನು. ಆ ತೇಪೆ ಬೀಳುವ ತನಕ ರೋಗಿಯ ಮಾತೊಂದೇ ಸಾಕ್ಷಿ.

ಸಿಪಾಯಿಗಳ ಮಾತಿಗೆ ನಲವತ್ತೆರಡು ವರ್ಷದ ಬಳಿಕ ಸಾಕ್ಷಿ ಸಿಕ್ಕಿತು. ಅಪ್ಪಯ್ಯನಿಗೆ ಮೂರು ವಾರದಲ್ಲಿ.

ಕಲ್ಲಿನ ಕಮಾನು, ಮೂಳೆಯ ಕಮಾನು

ಒಂದು ಪಾದದಲ್ಲಿ 26 ಮೂಳೆಗಳು. ಎರಡು ಪಾದ ಸೇರಿದರೆ 52. ಇಡೀ ದೇಹದ 206ರಲ್ಲಿ ಕಾಲು ಭಾಗ ಕಾಲಡಿಯಲ್ಲೇ ಇದೆ. ಇವು ಮೂರು ಗುಂಪು. ಹಿಂದೆ, ಕಣಕಾಲಿನ ಕೆಳಗೆ, ಗಿಡ್ಡ ದಪ್ಪ ಮೂಳೆಗಳು ಏಳು, ಇವು ಟಾರ್ಸಲ್. ನಡುವೆ ಉದ್ದ ಮೂಳೆಗಳು ಐದು, ಬೆರಳಿಗೊಂದರಂತೆ, ಇವು ಮೆಟಾಟಾರ್ಸಲ್. ಮುಂದೆ ಬೆರಳುಗಳಲ್ಲಿ ಹದಿನಾಲ್ಕು. ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕಕ್ಕೆ ಮೂರು ಮೂರು.

ಹಿಂದಿನ ಏಳರಲ್ಲಿ ದೊಡ್ಡದು ಹಿಮ್ಮಡಿಯ ಮೂಳೆ. ಅದರ ಮೇಲೆ ಕೂತಿರುವ ಟೇಲಸ್ ಒಂದು ಸೋಜಿಗ. ಮೈಯ ಭಾರವೆಲ್ಲ ಮೊಣಕಾಲಿನಿಂದ ಇಳಿದು ಅದರ ಮೇಲೆ ಬೀಳುತ್ತದೆ, ಆದರೆ ಒಂದೇ ಒಂದು ಮಾಂಸಖಂಡವೂ ಅದಕ್ಕೆ ಅಂಟಿಕೊಂಡಿಲ್ಲ. ಸುತ್ತಲಿನ ಮೂಳೆಗಳು ಮತ್ತು ಕಟ್ಟುಗಳ ಹಿಡಿತದಲ್ಲೇ ಅದು ನಿಲ್ಲಬೇಕು. ಅದರ ಮುಂದೆ ದೋಣಿಯ ಆಕಾರದ ನೆವಿಕ್ಯುಲರ್, ಹೊರಬದಿಗೆ ಪಗಡೆಯ ದಾಳದ ಆಕಾರದ ಕ್ಯೂಬಾಯ್ಡ್, ಅವುಗಳ ಮುಂದೆ ಬೆಣೆಯಾಕಾರದವು ಮೂರು.

ಬೆಣೆ ಎಂದದ್ದು ಸುಮ್ಮನೆ ಅಲ್ಲ. ಕಲ್ಲಿನ ಕಮಾನು ಕಟ್ಟುವವರು ಕಲ್ಲನ್ನು ಮೇಲೆ ಅಗಲ, ಕೆಳಗೆ ಕಿರಿದಾಗಿ ಕಡಿಯುತ್ತಾರೆ. ಆಗ ಮೇಲಿನಿಂದ ಭಾರ ಬಿದ್ದಷ್ಟೂ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಬಿಗಿಯಾಗುತ್ತವೆ. ಪಾದದ ಅಡ್ಡಗಮಾನು ಕಟ್ಟಿರುವುದೂ ಹೀಗೆಯೇ. ಆದರೆ ಕಲ್ಲಿನ ಕಮಾನು ಅಲುಗಬಾರದು, ಪಾದದ ಕಮಾನು ಅಲುಗಲೇಬೇಕು. ಹಿಮ್ಮಡಿ ಊರಿದಾಗ ಅದು ಸ್ವಲ್ಪ ತಗ್ಗಿ ನೆಲದ ಏರುಪೇರಿಗೆ ಹೊಂದುತ್ತದೆ. ಬೆರಳಿನ ಮೇಲೆ ಮೈಯನ್ನು ಮುಂದೆ ತಳ್ಳುವಾಗ ಮತ್ತೆ ಬಿಗಿದು ಗಟ್ಟಿ ಸನ್ನೆಗೋಲಾಗುತ್ತದೆ. ಅಂಗಾಲಿನ ಉದ್ದಕ್ಕೆ ಬಿಲ್ಲಿನ ಹೆದೆಯಂತೆ ಚಾಚಿದ ಗಟ್ಟಿ ಪಟ್ಟಿಯೊಂದು ಇದಕ್ಕೆ ನೆರವಾಗುತ್ತದೆ.

ಅಪ್ಪಯ್ಯನ ಎರಡನೆಯ ಮೆಟಾಟಾರ್ಸಲ್ಲೇ ಏಕೆ ಬಿರುಕು ಬಿಟ್ಟಿತು ಎನ್ನುವುದಕ್ಕೂ ಉತ್ತರ ಈ ರಚನೆಯಲ್ಲಿದೆ. ಐದರಲ್ಲಿ ಅದೇ ಹೆಚ್ಚು ಉದ್ದ. ಅದರ ಬುಡ ಬೆಣೆ ಮೂಳೆಗಳ ನಡುವೆ ಸಿಕ್ಕಿಸಿದ ಗೂಟದ ಹಾಗೆ ಭದ್ರ. ಪಕ್ಕದ ಹೆಬ್ಬೆರಳಿನದು ದಪ್ಪ, ಸ್ವಲ್ಪ ಆಡುತ್ತದೆ. ಇದು ತೆಳು, ಆಡುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಬಾಗಿಸುವ ಭಾರವನ್ನು ತಾನೇ ತಿನ್ನುತ್ತದೆ. ಪ್ರಶ್ಯದ ಸಿಪಾಯಿಯಾದರೂ ಅಷ್ಟೆ, ಆರೇ ಕಾಲನಿಯಲ್ಲಿ ನಡೆಯುವ ಹೋಟೆಲು ಕಾರ್ಮಿಕನಾದರೂ ಅಷ್ಟೆ.

ಈ ಪಾದ ಬಹಳ ಹಳೆಯದು. 1978ರಲ್ಲಿ ತಾಂಜಾನಿಯಾದ ಲೇಟೋಲಿಯಲ್ಲಿ ಮೇರಿ ಲೀಕಿ ಅವರ ತಂಡ ಜ್ವಾಲಾಮುಖಿಯ ಬೂದಿಯಲ್ಲಿ ಅಚ್ಚಾದ ಹೆಜ್ಜೆಗುರುತುಗಳನ್ನು ಕಂಡಿತು. ಸುಮಾರು 36 ಲಕ್ಷ ವರ್ಷದ ಹಿಂದೆ ಎರಡು ಕಾಲಿನ ಮೇಲೆ ನಡೆದು ಹೋದವರ ಗುರುತು ಅವು. ಹಿಮ್ಮಡಿ ಆಳವಾಗಿ ಊರಿದೆ, ಹೆಬ್ಬೆರಳು ಮಂಗನದರಂತೆ ಪಕ್ಕಕ್ಕೆ ಚಾಚದೆ ಉಳಿದ ಬೆರಳುಗಳ ಸಾಲಿಗೆ ಬಂದಿದೆ. ಅವರ ಮಿದುಳು ಇನ್ನೂ ಚಿಕ್ಕದೇ ಇದ್ದ ಕಾಲ ಅದು. ನಮ್ಮ ಪೂರ್ವಿಕರು ಮೊದಲು ನಡೆದರು, ತಲೆ ದೊಡ್ಡದಾದದ್ದು ಆಮೇಲೆ.

ಸುಶ್ರುತನ ಲೆಕ್ಕ

ಈ ಮೂಳೆಗಳನ್ನು ಎಣಿಸಿದ್ದು ಯಾರು, ಯಾವಾಗ? ನಮ್ಮಲ್ಲಿ ಸಿಗುವ ಹಳೆಯ ಲೆಕ್ಕಗಳು ಎರಡು. ಚರಕಸಂಹಿತೆ ದೇಹದ ಮೂಳೆಗಳು 360 ಎನ್ನುತ್ತದೆ. ಅದರಲ್ಲಿ ಹಲ್ಲು, ಹಲ್ಲಿನ ಗೂಡು, ಉಗುರುಗಳೂ ಸೇರಿವೆ. ಸುಶ್ರುತಸಂಹಿತೆ 360ರ ಲೆಕ್ಕವನ್ನು ಹೇಳಿ, ಶಸ್ತ್ರವೈದ್ಯರ ಪ್ರಕಾರ ಅವು 300 ಎಂದು ತಿದ್ದುತ್ತದೆ. ಒಂದು ಕಾಲಿಗೆ 30. ಅದರ ವಿವರ ಹೀಗೆ: ಬೆರಳಿಗೆ ಮೂರರಂತೆ ಹದಿನೈದು, ಅಂಗಾಲು, ಕೂರ್ಚ, ಗುಲ್ಫಗಳಲ್ಲಿ ಹತ್ತು, ಹಿಮ್ಮಡಿಯಲ್ಲಿ ಒಂದು, ಮೊಣಕಾಲಿನ ಕೆಳಗೆ ಎರಡು, ಮೊಣಕಾಲಿಗೊಂದು, ತೊಡೆಗೊಂದು.

ಪಾದಕ್ಕೆ ಸೇರಿದ ಮೊದಲ ಮೂರು ಸಂಖ್ಯೆಗಳನ್ನು ಕೂಡಿ ನೋಡಿ. 15, 10, 1. ಒಟ್ಟು 26.

ಇದನ್ನು ಮೊದಲು ಕೂಡಿದಾಗ ನಾನು ಪೆನ್ನು ಕೆಳಗಿಟ್ಟೆ. ಆದರೆ ಈ ಹೊತ್ತಿನಲ್ಲೇ ಎಚ್ಚರ ಬೇಕು. ಒಟ್ಟು ಒಂದೇ ಆದರೂ ಒಳಗಿನ ಲೆಕ್ಕ ಬೇರೆ. ಇಂದಿನ ಎಣಿಕೆಯಲ್ಲಿ ಬೆರಳುಗಳಲ್ಲಿ 14, ಹಿಮ್ಮಡಿ 1, ಉಳಿದವು 11. ಸುಶ್ರುತನಲ್ಲಿ ಬೆರಳುಗಳಿಗೆ ಒಂದು ಹೆಚ್ಚು, ಉಳಿದುದಕ್ಕೆ ಒಂದು ಕಡಿಮೆ. ಹೆಬ್ಬೆರಳಿನ ಹಿಂದಿನ ಉದ್ದ ಮೂಳೆಯನ್ನು ಬೆರಳಿನದೇ ಮೂಳೆ ಎಂದು ಎಣಿಸಿದರೆ ಎರಡೂ ಲೆಕ್ಕ ತಾಳೆಯಾಗುತ್ತವೆ. ಹಾಗೆ ಎಣಿಸಲು ಕಾರಣವೂ ಇಲ್ಲದಿಲ್ಲ. ಮಕ್ಕಳಲ್ಲಿ ಆ ಮೂಳೆ ಬೆಳೆಯುವ ತಾಣ ಇರುವುದು ಬೆರಳಿನ ಮೂಳೆಗಳಂತೆ ಬುಡದಲ್ಲಿ. ಅದರ ನಾಲ್ಕು ಒಡಹುಟ್ಟುಗಳಲ್ಲಿ ಅದು ತುದಿಯಲ್ಲಿದೆ. ಆದರೆ ಗುಲ್ಫ ಎಂದರೆ ಕಣಕಾಲಿನ ಗಂಟು. ಅದರ ಲೆಕ್ಕದಲ್ಲಿ ಮೇಲಿನ ಮೂಳೆಯ ತುದಿಗಳೂ ಸೇರಿರಬಹುದು. ಅಲ್ಲದೆ ಸುಶ್ರುತ ಇನ್ನೊಂದು ಕಾಲಿಗೂ ಎರಡು ಕೈಗಳಿಗೂ ಇದೇ 30ನ್ನು ಹಾಗೇ ಅನ್ವಯಿಸುತ್ತಾನೆ. ಕೈಗೆ ಹಿಮ್ಮಡಿ ಎಲ್ಲಿಂದ ಬರಬೇಕು? ಅಂದರೆ ಲೆಕ್ಕದ ಒಂದು ಪಾಲು ಕಂಡು ಹೇಳಿದ್ದು, ಒಂದು ಪಾಲು ಹೊಂದಿಸಿಕೊಂಡದ್ದು. 1907ರಲ್ಲಿ ಆಕ್ಸ್‌ಫರ್ಡಿನಿಂದ ಬಂದ ಪುಸ್ತಕದಲ್ಲಿ ರುಡಾಲ್ಫ್ ಹರ್ನ್ಲೆ ಎಂಬ ವಿದ್ವಾಂಸ ಈ ಪಟ್ಟಿಗಳನ್ನು ಇಂದಿನ ಅಸ್ಥಿಪಂಜರದ ಜೊತೆ ಒಂದೊಂದಾಗಿ ಹೋಲಿಸಲು ಬಹಳ ಶ್ರಮಪಟ್ಟಿದ್ದಾನೆ. 'ಎಲ್ಲ ನಮ್ಮಲ್ಲಿ ಮೊದಲೇ ಇತ್ತು' ಎನ್ನುವವರಿಗೂ 'ಏನೂ ಇರಲಿಲ್ಲ' ಎನ್ನುವವರಿಗೂ ಈ 26 ಅಷ್ಟು ಸುಲಭವಾಗಿ ದಕ್ಕುವುದಿಲ್ಲ.

ಆದರೆ ಅವರು ನೋಡಿದ್ದಂತೂ ಹೌದು. ಶವವನ್ನು ಹುಲ್ಲು, ನಾರುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿವ ನೀರಿನ ಮರೆಯಲ್ಲಿ ಏಳು ರಾತ್ರಿ ಬಿಟ್ಟು, ಮೆತ್ತಗಾದ ಮೇಲೆ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕೆಂದು ಸುಶ್ರುತಸಂಹಿತೆ ವಿಧಾನ ಹೇಳುತ್ತದೆ. ಶಾಸ್ತ್ರವನ್ನು ಓದಿದ್ದು ಸಾಲದು, ಕಣ್ಣಾರೆ ಕಾಣಬೇಕು ಎನ್ನುವುದು ಅದರ ನಿಲುವು. ಹಾಗೆ ನೀರಿಗಿಟ್ಟ ದೇಹ ಯಾರದು ಎನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ.

ವಾರಸುದಾರರಿಲ್ಲದವರು

ಈ ಪ್ರಶ್ನೆಗೆ ಯುರೋಪಿನ ಚರಿತ್ರೆಯಲ್ಲಿ ಅಲ್ಲಲ್ಲಿ ಉತ್ತರವಿದೆ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ವೆಸೇಲಿಯಸನ ಗ್ರಂಥ ಮನುಷ್ಯನ ಅಂಗರಚನೆಯ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಅದುವರೆಗೆ ಪ್ರಮಾಣವೆನಿಸಿದ್ದ ಗೇಲನ್ ಕೊಯ್ದು ನೋಡಿದ್ದು ಮುಖ್ಯವಾಗಿ ಮಂಗಗಳನ್ನು, ಪ್ರಾಣಿಗಳನ್ನು. ವೆಸೇಲಿಯಸ್ ಮನುಷ್ಯರನ್ನೇ ನೋಡಿದ. ವಿದ್ಯಾರ್ಥಿ ದೆಸೆಯಲ್ಲಿ ಊರ ಹೊರಗಿನ ನೇಣುಗಂಬದಿಂದ ಅಸ್ಥಿಪಂಜರವನ್ನು ಕದ್ದು ತಂದವನು ಅವನು. ಅದೇ 1543ರಲ್ಲಿ ಅವನು ಜೋಡಿಸಿದ ಅಸ್ಥಿಪಂಜರವೊಂದು ಇಂದಿಗೂ ಬಾಸೆಲ್‌ನಲ್ಲಿದೆ. ಅದು ಯಾಕೋಬ್ ಕಾರರ್ ಎಂಬ ಮರಣದಂಡನೆಗೆ ಗುರಿಯಾದ ಅಪರಾಧಿಯದು. ಹೆಸರು ಉಳಿದಿರುವ ಅಪರೂಪದ ಮೂಳೆಗಳು ಅವು.

ವೈದ್ಯಶಾಲೆಗಳು ಹೆಚ್ಚಿದಂತೆ ದೇಹಗಳ ಬೇಡಿಕೆಯೂ ಹೆಚ್ಚಿತು. 1828ರಲ್ಲಿ ಎಡಿನ್‌ಬರೋದ ಬರ್ಕ್ ಮತ್ತು ಹೇರ್ ಶವ ಮಾರುವ ಸಲುವಾಗಿ ಜನರನ್ನು ಕೊಂದೇಬಿಟ್ಟರು. ಆ ಗದ್ದಲದ ಬಳಿಕ 1832ರಲ್ಲಿ ಬ್ರಿಟನ್ನು ಅಂಗರಚನಾ ಕಾಯಿದೆ ತಂದಿತು. ಕೊಲೆ ನಿಂತಿತು. ಆದರೆ ಕೊಯ್ಯುವ ಮೇಜಿನ ಮೇಲೆ ಅಪರಾಧಿಗಳ ಜಾಗಕ್ಕೆ ಬಡವರು ಬಂದರು: ಅನಾಥಾಲಯ, ಧರ್ಮಾಸ್ಪತ್ರೆಗಳಲ್ಲಿ ಸತ್ತು ಕೇಳುವವರಿಲ್ಲದವರು.

ಅದೇ ಪದ್ಧತಿ ಇಲ್ಲಿಗೂ ಬಂತು. 1836ರಲ್ಲಿ ಕಲ್ಕತ್ತದ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಜಾತಿಕಟ್ಟು ಮುರಿದು ಶವಚ್ಛೇದನ ಮಾಡಿದರು. 1845ರಲ್ಲಿ ಮುಂಬೈಯಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು ಆರಂಭವಾಯಿತು. ಸ್ವಾತಂತ್ರ್ಯದ ಬಳಿಕ 1949ರಲ್ಲಿ ಬಾಂಬೆ ಅಂಗರಚನಾ ಕಾಯಿದೆ, 1957ರಲ್ಲಿ ನಮ್ಮ ಕರ್ನಾಟಕದ್ದು. ಎರಡರ ತಿರುಳೂ ಒಂದೇ: ವಾರಸುದಾರರಿಲ್ಲದ ಶವಗಳು ಓದುವ ಮಕ್ಕಳಿಗೆ ಸಲ್ಲಬೇಕು.

ಮೂಳೆಗಳು ದೇಶದ ಹೊರಗೂ ಹೋದವು. ಕಲ್ಕತ್ತದ ವ್ಯಾಪಾರಿಗಳು ಶುಚಿಗೊಳಿಸಿ, ತಂತಿಯಲ್ಲಿ ಪೋಣಿಸಿದ ಅಸ್ಥಿಪಂಜರಗಳನ್ನು ಹಡಗಿಗೆ ಹಾಕುತ್ತಿದ್ದರು. ಪಶ್ಚಿಮದ ಎಷ್ಟೋ ವೈದ್ಯರು ಪಾದದ 26ನ್ನು ಬಾಯಿಪಾಠ ಮಾಡಿದ್ದು ಭಾರತೀಯರ ಮೂಳೆಗಳನ್ನು ಕೈಯಲ್ಲಿ ಹಿಡಿದು. 1985ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು.

'ವಾರಸುದಾರರಿಲ್ಲದ' ಎಂಬ ಮಾತು ಮುಂಬೈಯಲ್ಲಿ ಬೇರೆಯದೇ ಭಾರದಲ್ಲಿ ಕೇಳುತ್ತದೆ. ಊರಲ್ಲಿ ಹೆತ್ತವರು, ಹೆಂಡತಿ, ಮಕ್ಕಳು ಎಲ್ಲರೂ ಇದ್ದು, ಇಲ್ಲಿ ಮಾತ್ರ ಯಾರೂ ಇಲ್ಲದವರ ಊರು ಇದು. ಅಪ್ಪಯ್ಯ ಬಂದ ಕಾಲದಲ್ಲಿ ಹೋಟೆಲಿನ ಹುಡುಗರು ಮಲಗುತ್ತಿದ್ದುದು ಅದೇ ಹೋಟೆಲಿನ ಮೇಜುಗಳ ಮೇಲೆ. ಊರಿಗೆ ಕಾಗದ ಮುಟ್ಟಲು ವಾರ ಬೇಕು. ರೈಲಿನ ಹಳಿಯಲ್ಲೋ ಆಸ್ಪತ್ರೆಯ ವರಾಂಡದಲ್ಲೋ ಒಬ್ಬ ಸತ್ತರೆ ಅವನು ಯಾರ ಮಗ ಎಂದು ತಿಳಿಯುವ ಹೊತ್ತಿಗೆ ಗಡುವು ಮೀರಿರುತ್ತಿತ್ತು. "ನಮ್ಮ ಪೈಕಿಯವ ಒಬ್ಬ ಸತ್ರೆ ನಾವೇ ಹೋಯಿ ಬಿಡಿಸ್ಕಂಡ್ ಬಪ್ಪುದ್" ಎಂದು ಅಪ್ಪಯ್ಯ ಹೇಳುತ್ತಾರೆ. ಗೊತ್ತಾದವರನ್ನು ಹಾಗೆ ಬಿಡಿಸಿಕೊಂಡು ಬಂದರು, ಸಂಬಳದಿಂದ ವಂತಿಗೆ ಎತ್ತಿ ಬೆಂಕಿ ಕೊಟ್ಟರು. ಗೊತ್ತಾಗದವರು ಏನಾದರು ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ.

ಇಂದು ತಾವಾಗಿ ದೇಹದಾನ ಬರೆದುಕೊಡುವವರು ಹೆಚ್ಚುತ್ತಿದ್ದಾರೆ. ಒಪ್ಪಿ ಕೊಟ್ಟ ದೇಹಕ್ಕೂ, ಕೇಳುವವರಿಲ್ಲದ್ದರಿಂದ ಸಿಕ್ಕ ದೇಹಕ್ಕೂ ಮೂಳೆಯ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಋಣದ ಲೆಕ್ಕದಲ್ಲಿ ಇದೆ.

ಕೃಷ್ಣನ ಹೆಜ್ಜೆ, ಕರಾವಳಿಯ ಮಕ್ಕಳ ಹೆಜ್ಜೆ

ಸತ್ತವರ ಮೂಳೆಯಿಂದ ಎಣಿಕೆ ತಿಳಿಯಬಹುದು. ಪಾದ ಹೇಗೆ ಬೆಳೆಯುತ್ತದೆ ಎನ್ನುವುದನ್ನು ಬದುಕಿರುವವರೇ ಕಲಿಸಬೇಕು. ಆ ಪಾಠದಲ್ಲಿ ನಮ್ಮ ಕರಾವಳಿಯ ಮಕ್ಕಳ ಪಾಲಿದೆ.

ಅಷ್ಟಮಿಯ ದಿನ ಅಮ್ಮ ಅಕ್ಕಿಹಿಟ್ಟಿನ ನೀರಿನಲ್ಲಿ ಮುಷ್ಟಿ ಅದ್ದಿ, ಕಿರುಬೆರಳಿನ ಬದಿಯನ್ನು ನೆಲಕ್ಕೊತ್ತಿ, ಮೇಲೆ ಐದು ಚುಕ್ಕಿ ಇಟ್ಟು, ಬಾಗಿಲಿನಿಂದ ದೇವರ ಗೂಡಿನ ತನಕ ಕೃಷ್ಣನ ಹೆಜ್ಜೆ ಮೂಡಿಸುತ್ತಾರೆ. ಮುಷ್ಟಿಯ ಬದಿ ಒಳಕ್ಕೆ ಬಾಗಿರುವುದರಿಂದ ಆ ಹೆಜ್ಜೆಗೆ ಚಂದದ ಕಮಾನು ಬರುತ್ತದೆ. ನಿಜವಾಗಿ ಹೆಜ್ಜೆ ಕಲಿಯುವ ಮಗುವಿನ ಪಾದದಲ್ಲಿ ಕಮಾನು ಕಾಣುವುದೇ ಇಲ್ಲ. ಹುಟ್ಟುವಾಗ ಪಾದದ ಬಹುಪಾಲು ಇನ್ನೂ ಮೃದ್ವಸ್ಥಿ. ದೋಣಿಯಾಕಾರದ ನೆವಿಕ್ಯುಲರ್ ಮೂಳೆಯಾಗತೊಡಗುವುದು ಸುಮಾರು ಮೂರು ವರ್ಷದ ಹೊತ್ತಿಗೆ. ಕಮಾನು ಮೂಡುವುದು ಬಾಲ್ಯದುದ್ದಕ್ಕೂ, ನಡೆಯುತ್ತಾ ನಡೆಯುತ್ತಾ.

ಕರಾವಳಿಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಯಚ್ಚು ತೆಗೆದು ನೋಡಿದ್ದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದ; ಬರಿಗಾಲಿನಲ್ಲಿ ಓಡಾಡುವವರಲ್ಲಿ ಶೇ. 2.8. ಬೆರಳು ಮುಚ್ಚುವ ಬೂಟು ತೊಡುವವರಲ್ಲಿ ಹೆಚ್ಚು, ಚಪ್ಪಲಿ ತೊಡುವವರಲ್ಲಿ ಅದಕ್ಕಿಂತ ಕಡಿಮೆ. ಚಿಕ್ಕ ವಯಸ್ಸಿನಲ್ಲೇ ಬೂಟು ಹಾಕಿಸುವುದು ಕಮಾನಿನ ಬೆಳವಣಿಗೆಗೆ ಒಳ್ಳೆಯದಲ್ಲ ಎಂಬುದು ಅವರ ತೀರ್ಮಾನ. ಮೂರು ವರ್ಷದ ಬಳಿಕ ಬೆಳೆದವರ ಮೇಲೆ ನಡೆದ ಇನ್ನೊಂದು ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು. ಜಗತ್ತಿನ ಮೂಳೆವೈದ್ಯರು ಇಂದಿಗೂ ಉಲ್ಲೇಖಿಸುವ ಕೆಲಸ ಇದು. ಬೂಟು ತೊಡುವ ಮಕ್ಕಳೂ ತೊಡದ ಮಕ್ಕಳೂ ಒಂದೇ ಊರಲ್ಲಿ ಅಷ್ಟು ಸಂಖ್ಯೆಯಲ್ಲಿ ಸಿಗುವ ಜಾಗ ಶ್ರೀಮಂತ ದೇಶಗಳಲ್ಲಿ ಎಲ್ಲಿತ್ತು?

ಇದನ್ನು ಓದಿ ಬಡತನಕ್ಕೆ ಹಾರ ಹಾಕಬೇಕಿಲ್ಲ. ಬರಿಗಾಲಿನಿಂದಲೇ ಕೊಕ್ಕೆಹುಳ ಮೈಸೇರುತ್ತದೆ. ಮುಳ್ಳು, ಗಾಜು, ಧನುರ್ವಾಯು ಎಲ್ಲ ಅದೇ ದಾರಿ. ನೋವಿಲ್ಲದ ಚಪ್ಪಟೆ ಪಾದ ಕಾಯಿಲೆಯೂ ಅಲ್ಲ. ಆದರೂ ನಮ್ಮ ಮನೆಯ ಬಚ್ಚಲಿನ ಹೊರಗೆ ನೆಲದ ಮೇಲೆ ಎರಡು ಒದ್ದೆ ಹೆಜ್ಜೆಗಳು ಅಕ್ಕಪಕ್ಕ ಬಿದ್ದಾಗ ನಾನು ನಿಂತು ನೋಡುತ್ತೇನೆ. ಅಪ್ಪಯ್ಯನದು ಅಷ್ಟಮಿಯ ಹೆಜ್ಜೆಯ ಹಾಗೆ ಬಾಗಿದೆ. ನನ್ನದು ಇಟ್ಟಿಗೆಯಂತೆ ತುಂಬಿದೆ. ಮೂರನೆಯ ವರ್ಷಕ್ಕೇ ನನಗೆ ಕರಿಯ ಬೂಟು ತಂದುಕೊಟ್ಟವರು ಅವರು. ಮೊದಲ ಬೋನಸ್ಸಿನ ಹಣದಲ್ಲಿ, ಬಹಳ ಹೆಮ್ಮೆಯಿಂದ. ನನ್ನ ಪಾದ ಹೀಗಾದದ್ದು ಆ ಬೂಟಿನಿಂದ ಎನ್ನಲಾರೆ. ಒಬ್ಬರ ಪಾದದಿಂದ ಹಾಗೆ ಹೇಳಲು ಬರುವುದಿಲ್ಲ. ಅಪ್ಪಯ್ಯನಿಗೆ ಆ ಅಧ್ಯಯನದ ವಿಷಯ ಹೇಳಿಯೂ ಇಲ್ಲ.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆಯಿದೆ. ಆ ದಾರಿಯಲ್ಲಿ ಮುಂಜಾನೆ ಭರ್ತಿಯ ಕನಸಿನ ಹುಡುಗರು ಓಡುತ್ತಾರೆ. ಪೊಲೀಸು, ಸೇನೆಗಳ ವೈದ್ಯಕೀಯ ಪರೀಕ್ಷೆಯಲ್ಲಿ ಚಪ್ಪಟೆ ಪಾದವೂ ಒಂದು ಅಡ್ಡಿ. ಈ ಮೂಳೆಗಳ ಜೋಡಣೆಯ ಮೇಲೆ ಒಂದು ಮನೆಯ ಅನ್ನ ನಿಂತಿರಬಹುದು.

ನೋವಿಲ್ಲದ ಪಾದ, ಮೂಳೆಯಿಲ್ಲದ ಪಾದ

ಅಪ್ಪಯ್ಯನ ಪಾದ ನೋಡಿದ ಎರಡನೆಯ ಡಾಕ್ಟರು ಒಂದು ಮಾತು ಹೇಳಿದರು: ಸಕ್ಕರೆ ಇದ್ದೂ ನಿಮಗೆ ನೋವು ತಿಳಿಯುತ್ತಿದೆಯಲ್ಲ, ಅದೇ ಪುಣ್ಯ. ಈ ಮಾತಿನ ಹಿಂದೆ ವೆಲ್ಲೂರಿನ ಒಂದು ಕಥೆಯಿದೆ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿದರು. ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಬೀಳುತ್ತವೆ ಎಂಬುದು ಅಂದಿನ ನಂಬಿಕೆ. ಬ್ರಾಂಡ್ ಕಂಡದ್ದು ಬೇರೆ. ರೋಗ ನರವನ್ನು ಕೊಲ್ಲುತ್ತದೆ, ನೋವು ಹೋಗುತ್ತದೆ. ನೋವಿಲ್ಲದ್ದರಿಂದ ಮನುಷ್ಯ ಗಾಯದ ಮೇಲೇ ನಡೆಯುತ್ತಾನೆ, ನಡೆದು ನಡೆದು ಮೂಳೆ ಸವೆಯುತ್ತದೆ. ಪರಿಹಾರವಾಗಿ ಒತ್ತಡವನ್ನು ಹಂಚುವ ಮೃದು ರಬ್ಬರಿನ ಚಪ್ಪಲಿ ಬಂತು. ಮುಂದೆ ಸಕ್ಕರೆ ಕಾಯಿಲೆಯವರ ಪಾದಗಳನ್ನು ಉಳಿಸಿದ್ದೂ ಇದೇ ತಿಳಿವಳಿಕೆ. ಜಗತ್ತು ದೂರ ಅಟ್ಟಿದವರ ಪಾದಗಳು ಜಗತ್ತಿಗೆ ಕಲಿಸಿದ ಪಾಠ ಅದು.

ಇನ್ನೊಂದು ಕಥೆ ಜೈಪುರದ್ದು. ವಿದೇಶದಿಂದ ಬರುತ್ತಿದ್ದ ಕೃತಕ ಪಾದಕ್ಕೆ ಬೂಟು ಬೇಕೇ ಬೇಕು. ಅದನ್ನು ತೊಟ್ಟು ಕುಕ್ಕರುಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಗದ್ದೆಯ ಕೆಸರಿಗಿಳಿಯಲಾಗದು. ರೋಗಿಗಳು ಅದನ್ನು ಮೂಲೆಗಿಡುತ್ತಿದ್ದರು. 1960ರ ದಶಕದ ಕೊನೆಗೆ ಮೂಳೆವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಹೊಸದೊಂದನ್ನು ಮಾಡಿದರು. ಕಣಕಾಲಿನ ಜಾಗಕ್ಕೆ ಮರ, ಹಿಮ್ಮಡಿಗೂ ಮುಂಗಾಲಿಗೂ ಸ್ಪಂಜಿನಂಥ ರಬ್ಬರು, ಮೇಲೆ ಟಯರು ರಿಪೇರಿಯವರ ವಿದ್ಯೆಯಂತೆ ಬೇಯಿಸಿದ ಗಟ್ಟಿ ರಬ್ಬರು. 26 ಮೂಳೆಗಳಿಗೆ ಬದಲಾಗಿ ಮೂರು ತುಂಡು. ಆದರೂ ಅದು ಎಲ್ಲ ದಿಕ್ಕಿಗೂ ಬಾಗುತ್ತಿತ್ತು, ಏಕೆಂದರೆ ಅದನ್ನು ಮಾಡಿದವರು ಈ ನೆಲದವರು ಪಾದದಿಂದ ಏನೇನು ಮಾಡುತ್ತಾರೆ ಎಂದು ಮೊದಲು ನೋಡಿದ್ದರು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮರ ಹೆಸರು ಅಷ್ಟು ದೂರ ಹೋಗಲಿಲ್ಲ. ಅದೇ 1981ರಲ್ಲಿ ಬಸ್ ಅಪಘಾತದ ಬಳಿಕ ಬಲಗಾಲು ಕಳೆದುಕೊಂಡ ಮುಂಬೈಯ ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್ ಆ ಪಾದ ತೊಟ್ಟು 1984ರಲ್ಲಿ ಮತ್ತೆ ವೇದಿಕೆಯೇರಿದರು. ತನ್ನ ಕಥೆಯ ಸಿನಿಮಾದಲ್ಲಿ ತಾನೇ ನಟಿಸಿದರು.

ಪಾದದ ಮೂಳೆಗಳ ಬಗ್ಗೆ ನಮಗೆ ಇಂದು ತಿಳಿದಿರುವುದೆಲ್ಲ ಯಾರದೋ ಪಾದದಿಂದ ಬಂದದ್ದು. ಸಿಪಾಯಿ, ಅಪರಾಧಿ, ಅನಾಥ ಶವ, ಕುಷ್ಠರೋಗಿ, ಬರಿಗಾಲಿನ ಮಗು. ಇವರಲ್ಲಿ ಹೆಚ್ಚಿನವರನ್ನು ಕೇಳಿ ನೋಡಿದ್ದಲ್ಲ. ಕೇಳಿದ ಕಡೆಗಳಲ್ಲಿ, ನೋವೇನು, ಕೂರುವುದು ಹೇಗೆ, ನಡೆಯುವುದು ಎಲ್ಲಿ ಎಂದು ವಿಚಾರಿಸಿದ ಕಡೆಗಳಲ್ಲಿ, ವಿದ್ಯೆ ಒಂದು ಹೆಜ್ಜೆ ಹೆಚ್ಚು ಮುಂದೆ ಹೋಗಿದೆ.

ಅಪ್ಪಯ್ಯನ ಮೂಳೆ ಎರಡು ತಿಂಗಳಲ್ಲಿ ಕೂಡಿತು. ಈಗ ಮತ್ತೆ ಆರೇ ರಸ್ತೆಯಲ್ಲಿ ನಡೆಯುತ್ತಾರೆ, ದಿನಕ್ಕೆ ಎರಡು ಕಿಲೋಮೀಟರ್, ಮೆತ್ತನೆಯ ಅಟ್ಟೆಯ ಬೂಟು ತೊಟ್ಟು. ಎರಡೂ ಫಿಲ್ಮುಗಳು ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆಗಿವೆ. ಮನೆಗೆ ಬಂದವರಿಗೆ ಒಮ್ಮೊಮ್ಮೆ ತೋರಿಸುವುದುಂಟು. ಬಿಳಿ ಗಂಟು ಇರುವ ಎರಡನೆಯದನ್ನಲ್ಲ, ಏನೂ ಕಾಣದ ಮೊದಲನೆಯದನ್ನು. ಕಿಟಕಿಗೆ ಹಿಡಿದು, ಬೆರಳಿಟ್ಟು, "ಇಲ್ಲೇ ಇತ್ತ್ ಕಾಣಿ" ಎನ್ನುತ್ತಾರೆ.